ಗೋಡೆಗೆ ತಿರುಗಿದ ಕುರ್ಚಿ

ಆ ಕೋಣೆಗೆ ಕಿಟಕಿಯಿಲ್ಲ. ಮೊದಲು ಅಲ್ಲಿ ಮುರಿದ ಬೆಂಚು ಒಟ್ಟುತ್ತಿದ್ದರು. ಈಗ ಮನಸ್ಸು ಮುರಿದ ಮಕ್ಕಳನ್ನು ಕಳಿಸುತ್ತಾರೆ. ಬಾಗಿಲ ಮೇಲೆ ‘ಆಪ್ತ ಸಲಹೆ’ ಎಂಬ ಬೋರ್ಡು, ಒಳಗೆ ಎರಡು ಕುರ್ಚಿ, ತಿರುಗುವುದಕ್ಕಿಂತ ಹೆಚ್ಚು ಕಿರುಗುಟ್ಟುವ ಒಂದು ಫ್ಯಾನು. ಸಾವಿರ ಮಕ್ಕಳ ಶಾಲೆಗೆ ಇವಳೊಬ್ಬಳೇ ಸಲಹೆಗಾರ್ತಿ.

ಕೋಣೆಗೊಂದು ಕಟ್ಟಳೆಯಿತ್ತು. ಮಾತಾಡಲು ಮನಸ್ಸಿಲ್ಲದ ಮಗು ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂರಬಹುದು. ಇವಳು ಏನೂ ಕೇಳುವುದಿಲ್ಲ. ಆದರೆ ಮಗು ಏಳುವ ತನಕ ಇವಳೂ ಏಳುವುದಿಲ್ಲ. ಅದಕ್ಕೇ ಮಕ್ಕಳ ಬಾಯಲ್ಲಿ ಇವಳು ‘ಕುರ್ಚಿ ಮಿಸ್’. ಒಂದು ಮಧ್ಯಾಹ್ನ ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಕೇಳುವ ನೆಪದಲ್ಲಿ ಬಂದು, ಕುರ್ಚಿ ತಿರುಗಿಸಿ ಬಹಳ ಹೊತ್ತು ಕೂತುಹೋಗಿದ್ದರು. ಆಮೇಲೆ ಇಬ್ಬರೂ ಆ ಮಾತೆತ್ತಲಿಲ್ಲ.

ಶಾಲೆಗೆ ಮಾತ್ರ ಇವಳದು ಕೆಲಸವಾಗಿ ಕಂಡಿದ್ದೇ ಇಲ್ಲ. “ಸುಮ್ನೆ ಕೂತಿರೋದು ತಾನೇ?” ಎನ್ನುತ್ತಿದ್ದರು. ಯಾರೋ ರಜೆ ಹಾಕಿದರೆ ಕ್ಲಾಸಿಗೆ ಇವಳು, ಬಸ್ಸು ತಡವಾದರೆ ಗೇಟಿಗೆ ಇವಳು, ಅತಿಥಿ ಬಂದರೆ ಮೈಕು ಹಿಡಿಯಲೂ ಇವಳೇ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ! ಮನೆಗೆ ಹೋದರೆ ಮಗಳು “ಅಮ್ಮಾ, ಇವತ್ತೇನಾಯ್ತು ಗೊತ್ತಾ” ಎಂದು ಓಡಿಬರುತ್ತಿದ್ದಳು. “ನಾಳೆ ಹೇಳೇ, ತಲೆ ಸಿಡೀತಿದೆ” ಎಂದು ಇವಳು ಮಲಗಿಬಿಡುತ್ತಿದ್ದಳು. ಈಚೆಗೆ ಮಗಳು ಓಡಿಬರುವುದನ್ನೂ ಬಿಟ್ಟಿದ್ದಳು.

ಆರನೇ ಕ್ಲಾಸಿನ ಒಬ್ಬ ಹುಡುಗಿ ದಿನಾ ಬಂದು ಗೋಡೆ ನೋಡುತ್ತ ಕೂರುತ್ತಿದ್ದಳು. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆ ಸೋಮವಾರ ಮೆಲ್ಲಗೆ ಕುರ್ಚಿ ತಿರುಗಿಸಿದಳು.

“ಮಿಸ್... ನಮ್ಮನೇಲಿ...”

ಬಾಗಿಲು ದಡಾರನೆ ತೆರೆಯಿತು. ಜವಾನ.

“ಎಂಟನೇ ಕ್ಲಾಸಲ್ಲಿ ಯಾರೂ ಇಲ್ಲ. ಹೆಡ್ ಮೇಡಂ ಈಗ್ಲೇ ಬರ್ಬೇಕಂದ್ರು.”

“ಒಂದೈದು ನಿಮಿಷ ಕಣಪ್ಪಾ...”

“ಅಲ್ಲಿ ಸಂಘದ ಕಾರ್ಯದರ್ಶಿಗಳೇ ನಿಂತವ್ರೆ. ನನ್ ಹೊಟ್ಟೆ ಮೇಲೆ ಹೊಡೀಬೇಡಿ ತಾಯಿ.”

ಇವಳು ಎದ್ದಳು. ಏಳಬಾರದಿತ್ತು. ವಾಪಸು ಬಂದಾಗ ಹುಡುಗಿ ಇರಲಿಲ್ಲ. ಖಾಲಿ ಕುರ್ಚಿ ಗೋಡೆಗೆ ತಿರುಗಿತ್ತು. ಮರುದಿನ ಹುಡುಗಿ ಇವಳನ್ನು ಕಂಡವಳೇ ದಾರಿ ಬದಲಿಸಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅದೇ ಸಂಜೆ ಸಿಬ್ಬಂದಿ ಸಭೆ. ಶಾಲೆ ನಡೆಸುವ ಸಂಘದ ಕಾರ್ಯದರ್ಶಿ ನಗುನಗುತ್ತ ಎದ್ದು ನಿಂತ.

“ನಿಮಗೆಲ್ಲ ಆಯಾಸ ಜಾಸ್ತಿ ಆಗಿದೆ ಅಂತ ನಮ್ಗೂ ಗೊತ್ತು. ಅದಕ್ಕೇ ಇನ್ಮುಂದೆ ಭಾನುವಾರ ಆಯಾಸ ಪರಿಹಾರ ಶಿಬಿರ. ಎಲ್ರೂ ಬರ್ಲೇಬೇಕು. ನಡ್ಸೋರು ನಮ್ಮ ಸಲಹೆ ಮೇಡಂ!”

ಇವಳು ಎದ್ದು ನಿಂತಳು. “ಶಿಬಿರ ಬೇಡ ಸಾರ್. ಮಕ್ಕಳು ನನ್ನ ಹತ್ರ ಇದ್ದಾಗ ನನ್ನ ಎಬ್ಬಿಸ್ಬೇಡಿ. ಇನ್ನೊಬ್ಬರನ್ನ ನೇಮಿಸ್ಕೊಳ್ಳಿ. ಅಷ್ಟು ಸಾಕು.”

“ಕೂತು ಮಾತಾಡೋಕೆ ಇಬ್ರು ಬೇಕೇನಮ್ಮಾ?”

ಒಂದಿಬ್ಬರು ನಕ್ಕರು. ಇವಳು ತನ್ನ ಕುರ್ಚಿಯನ್ನು ಎತ್ತಿ ಗೋಡೆಗೆ ತಿರುಗಿಸಿ ಕೂತಳು.

“ಏನಿದು ನಾಟಕ?”

ಹಿಂದೆ ಇನ್ನೊಂದು ಕುರ್ಚಿ ಕರ್ರೆಂದಿತು. ಲೆಕ್ಕದ ಮೇಷ್ಟ್ರದು. ಆಮೇಲೆ ಚಿತ್ರಕಲೆಯವಳದು. ನಕ್ಕವರಲ್ಲೂ ಒಬ್ಬ ತಿರುಗಿಸಿಕೊಂಡ.

“ನಾಟಕ ಅಲ್ಲ ಸಾರ್,” ಗೋಡೆಯ ಕಡೆಗೇ ಹೇಳಿದರು ಮೇಷ್ಟ್ರು. “ಮಾತಾಡೋ ಶಕ್ತಿ ಇಲ್ಲ, ಆದ್ರೆ ನಮ್ಮನ್ನ ಬಿಟ್ಟು ಏಳ್ಬೇಡಿ ಅಂತ ಅರ್ಥ. ಅವ್ರು ದಿನಾ ನಮ್ಮ ಮಕ್ಕಳ ಜೊತೆ ಹಂಗೇ ಕೂತ್ಕೋತಾರೆ. ನೀವು ಒಂದ್ಸಲ ಕೂತ್ಕೊಳಿ, ನೋಡಣ.”

ಕಾರ್ಯದರ್ಶಿ ಗಡಿಯಾರ ನೋಡಿಕೊಂಡ. ಹೆಡ್ ಮೇಡಂ ಮುಖ ನೋಡಿದ. ಎದ್ದು ಹೊರಟೇಹೋದ.

ಯಾರೂ ಕುರ್ಚಿಯನ್ನು ಮತ್ತೆ ಈಚೆಗೆ ತಿರುಗಿಸಲಿಲ್ಲ.

ಬೆಳಿಗ್ಗೆ ಜವಾನ ಮತ್ತೆ ಬಂದ. ಕೋಣೆಯ ಬಾಗಿಲಿಗೆ ಲೆಕ್ಕದ ಮೇಷ್ಟ್ರು ಬೆನ್ನು ಕೊಟ್ಟು ನಿಂತಿದ್ದರು.

“ಎಂಟನೇ ಕ್ಲಾಸು ಖಾಲಿ ಐತಂತೆ...”

“ಕಾರ್ಯದರ್ಶಿಗಳನ್ನೇ ಕಳ್ಸು. ಇವ್ರು ಏಳಲ್ಲ.”

ಒಳಗೆ ಕುರ್ಚಿ ಖಾಲಿಯೇ ಇತ್ತು. ಹುಡುಗಿ ಇನ್ನೂ ಬಂದಿರಲಿಲ್ಲ. ಇವಳು ಬಾಗಿಲು ನೋಡುತ್ತ ಕೂತೇ ಇದ್ದಳು.