ಮುಖಕ್ಕೆ ಹಚ್ಚುವ ಸೋಪು

"ಆ ಮೋರೆ ಹೊತ್ಕೊಂಡು ಎದುರಿಗೆ ಬಂದು ನಿಂತ್ಯೋ, ನಾಳೆಯಿಂದ ಈ ಕಡೆ ಕಾಲಿಡೋದೇ ಬೇಡ. ಒಳಗೆ ಸಾಯಿ ಹೋಗು, ದರಿದ್ರದೋಳೆ."

ಸೋಪು ಮಾಡಿಸಿ ಮಾರುವ ಮೇಡಂ ಹೀಗೆ ಬೈದದ್ದು ಸೋಪು ಕಲಸುವವಳಿಗೆ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಹೊಯ್ದು ತಿರುವುತ್ತಿದ್ದವಳು ಕೋಲನ್ನು ಬಕೆಟ್ಟಿನಲ್ಲೇ ಬಿಟ್ಟು ಎದ್ದಳು. ಹಿಂದೊಮ್ಮೆ ಅದೇ ನೀರು ಸಿಡಿದು ಅವಳ ಎಡಗೆನ್ನೆ ಬೆಂದಿತ್ತು. ಕಣ್ಣಿನ ಕೆಳಗಿನಿಂದ ಗದ್ದದವರೆಗೆ ಚರ್ಮ ಸುಕ್ಕಾಗಿ ಎಳೆದುಕೊಂಡಿತ್ತು. ಮೇಡಂ ಬೈದ ದಿನ ದೊಡ್ಡ ಅಂಗಡಿಯವರು ಸೋಪು ನೋಡಲು ಬರುವವರಿದ್ದರು. ಮುಖದ ಕಾಂತಿಗೆಂದೇ ಕೈಯಿಂದ ಮಾಡಿದ ಗ್ರೀನ್ ಟೀ ಸೋಪು.

ಅವಳ ಮಗಳೂ ಅಲ್ಲೇ ಸೋಪು ಕತ್ತರಿಸಿ ಕಾಗದ ಸುತ್ತುವ ಕೆಲಸಕ್ಕೆ ಸೇರಿದ್ದಳು. ಮೇಡಂ ಅವಳಿಗೆ ಹೊಸ ಏಪ್ರನ್ ತೊಡಿಸಿ, "ಯಾರು ಮಾಡಿದ್ದು ಅಂದ್ರೆ ನಾನೇ ಅನ್ನು. ಹಲ್ಲು ಕಾಣೋ ಹಾಗೆ ನಗು" ಎಂದಳು. ಮಗಳು ಅಮ್ಮನ ಕಡೆ ನೋಡಿದಳು. ಅಮ್ಮ ಆಗಲೇ ಒಳಗೆ ಹೋಗಿ ಎಣ್ಣೆ ಡಬ್ಬಗಳ ನಡುವೆ ಕೂತಿದ್ದಳು.

ಬಂದವರು ಗಂಡ ಹೆಂಡತಿ. ಹೆಂಡತಿ ಸೋಪು ಮೂಸಿ ನೋಡುತ್ತಿದ್ದಾಗ ಒಳಗಿನಿಂದ ಕೆಮ್ಮು ಕೇಳಿಸಿತು.

"ಒಳಗ್ಯಾರಿದ್ದಾರೆ?"

ಕೇಳಿದ್ದು ಮಗಳನ್ನು. ಅವಳ ಬಾಯಿಂದ ಮಾತು ಸಲೀಸಾಗಿ ಬಂದುಬಿಟ್ಟಿತು: "ಅವಳಾ, ಪಾತ್ರೆ ತೊಳೆಯೋಳು."

ಕೆಮ್ಮು ಗಕ್ಕನೆ ನಿಂತಿತು. ಬಾಯಿಗೆ ಬಟ್ಟೆ ತುರುಕಿಕೊಂಡರೆ ಮಾತ್ರ ಅಮ್ಮನ ಕೆಮ್ಮು ಹಾಗೆ ನಿಲ್ಲುತ್ತದೆಂದು ಮಗಳಿಗೆ ಗೊತ್ತಿತ್ತು. ಅವಳ ಕಿವಿ ಬಿಸಿಯಾಯಿತು.

"ಹಚ್ಚೇ ತೋರಿಸ್ತೀನಿ ನೋಡಿ," ಎಂದು ಮೇಡಂ ಮಗಳ ಗದ್ದ ಹಿಡಿದೆತ್ತಿ, ಎಮ್ಮೆ ಕೊಳ್ಳುವವರ ಹಾಗೆ ಆಚೀಚೆ ತಿರುಗಿಸಿ, ಸೋಪು ತಿಕ್ಕಿದಳು. "ಹೆಂಗಿದೆ ಚರ್ಮ, ಬೆಣ್ಣೆ."

ನೊರೆ ಕಣ್ಣಿಗಿಳಿಯಿತು. ಮಾತಿನ ಭರದಲ್ಲಿ ಮೇಡಂ ಅವಳನ್ನು ಮರೆತೇಬಿಟ್ಟಳು. ಮಗಳು ಕಣ್ಣು ಮುಚ್ಚಿಕೊಂಡು ನೀರಿಗಾಗಿ ಮೇಜು ತಡಕಾಡಿದಳು. ಏನೋ ಉರುಳಿ ಬಿತ್ತು.

ಮುಖಕ್ಕೆ ತಣ್ಣೀರು ಬಿದ್ದಾಗ, ತೊಳೆಯುತ್ತಿರುವ ಕೈ ಯಾರದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಬಿರಿದು ಜಡ್ಡುಗಟ್ಟಿದ ಅಂಗೈ.

"ಅಯ್ಯೋ, ಏನಾಯ್ತು ನಿಮ್ಮ ಕೆನ್ನೆಗೆ?" ಬಂದಾಕೆ ಒಂದು ಹೆಜ್ಜೆ ಹಿಂದೆ ಸರಿದಳು. "ಈ ಹುಡುಗಿ ನಿಮ್ಮ ಮಗಳಾ? ಒಂದೇ ಥರ ಇದ್ದೀರಿ."

"ಅಲ್ಲಮ್ಮ," ಅಮ್ಮನ ದನಿ. "ನಾನು ಪಾತ್ರೆ ತೊಳೆಯೋಳು."

"ಮನೇಲಿ ಸ್ಟೌ ಸಿಡಿದು ಸುಟ್ಕೊಂಡ್ಲು, ಪಾಪ," ಮೇಡಂ ನಕ್ಕಳು. "ಒಳಗೆ ಹೋಗೇ."

ಕೈ ಒಂದು ಗಳಿಗೆ ನಿಂತಿತು.

"ಸ್ಟೌ ಅಲ್ಲ. ಇಲ್ಲೇ, ಈ ಸೋಪು ಕಲಸೋವಾಗ. ಆಸ್ಪತ್ರೇಲಿ ಸ್ಟೌ ಅಂತ ಹೇಳು ಅಂದ್ರು ಮೇಡಂ, ಹೇಳಿದೆ. ಇನ್ನು ಹೇಳಲ್ಲ."

ಯಾರೋ ಸೋಪನ್ನು ಮೇಜಿನ ಮೇಲಿಟ್ಟ ಸದ್ದಾಯಿತು.

"ನಿನ್ನ ನಾಲಿಗೆ ಬಿದ್ಹೋಗ, ಮುಂಡೆ," ಎಂದಳು ಮೇಡಂ.

ಅಮ್ಮ ಮತ್ತೆ ನೀರು ಹೊಯ್ದು, ಕಿವಿಯ ಹಿಂದಿನ ನೊರೆಯನ್ನೂ ತೊಳೆದಳು. "ಉರಿ ಹೋಯ್ತಾ? ಕಣ್ಣು ಬಿಡು," ಎಂದಳು ಮೆಲ್ಲಗೆ.

ಉರಿ ಯಾವಾಗಲೋ ಹೋಗಿತ್ತು. ಮಗಳು ಕಣ್ಣು ಬಿಡಲಿಲ್ಲ.