ಬಿಳಿಮತ್ತಿಯ ಮೇಲಿನ ಅಟ್ಟಣೆ

ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದೆ ಮಧುಗಿರಿಯ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಆ ಇದ್ದಿಲಿಗಾಗಿ ಕೊಳಾಲದ ಹಳ್ಳದ ಸಾಲಿನಲ್ಲಿ ಬಿಳಿಮತ್ತಿ ಮರ ಕಡಿಸುವ ಗುತ್ತಿಗೆ ಮೂಡಲಗಿರಿಯಪ್ಪನದಾಗಿತ್ತು. ಮರ ಹತ್ತಿ ಕೊಂಬೆ ಇಳಿಸಲು ಅವನ ಬಳಿ ಅಣ್ಣತಮ್ಮಂದಿರಿಬ್ಬರಿದ್ದರು: ಸಂಜೀವಯ್ಯ ಮತ್ತು ಚಿಕ್ಕರಂಗಯ್ಯ.

ಪುಷ್ಯಮಾಸದ ಬೆಳಗಿನಲ್ಲಿ ತೊಗಟೆಯ ಮೇಲೆಲ್ಲ ಇಬ್ಬನಿ. ಅರ್ಧ ಮರ ಏರುವಷ್ಟರಲ್ಲಿ ಬೆರಳು ಮರಗಟ್ಟಿ, ಕಾಲು ಕೊಂಬೆಯ ಮೇಲಿದೆಯೋ ಗಾಳಿಯಲ್ಲಿದೆಯೋ ತಿಳಿಯುತ್ತಿರಲಿಲ್ಲ. ಅಣ್ಣತಮ್ಮಂದಿರು ಪಾದಕ್ಕೆ ಗೋಣಿತಾಟು ಸುತ್ತಿ ಕತ್ತಾಳೆ ಹುರಿಯಿಂದ ಬಿಗಿದುಕೊಂಡು, ಹೆಗಲಿಗೆ ಕಂಬಳಿ ಕಟ್ಟಿ ಹತ್ತುವರು. ಆಗಾಗ ಇಳಿದು ಬೆಂಕಿಗೆ ಕಾಲೊಡ್ಡುವರು. ಗುತ್ತಿಗೆದಾರನಿಗೆ ಆ ಬೆಂಕಿ ಕಂಡರೆ ಆಗುತ್ತಿರಲಿಲ್ಲ. ಶಿರಾ ಸಂತೆಯಿಂದ ಹಳೆಯ ಮಿಲಿಟರಿ ಬೂಟುಗಳ ಮೂಟೆ ತಂದು ಒಂದು ಬೆಳಿಗ್ಗೆ ಅವರ ಮುಂದೆ ಸುರಿದ.

ಸಂಜೀವಯ್ಯ ಒಂದು ಬೂಟು ಎತ್ತಿ ತಳದ ಕಡೆ ತಿರುಗಿಸಿ ನೋಡಿದ. ‘ಧಣಿ, ಅಡೀಲಿ ಕಬ್ಬಿಣದ ಮೊಳೆ ಅವೆ. ಬಿಳಿಮತ್ತಿ ಮೈ ಮೊದ್ಲೇ ನುಣುಪು. ಇದು ನಿಲ್ಲಾಕಿಲ್ಲ.’

‘ಬೂಟು ಹಾಕ್ಕಂಡ್ರೆ ಚಳಿ ಆಗಾಕಿಲ್ಲ. ಚಳಿ ಆಗ್ದಿದ್ರೆ ಬೆಂಕಿ ತಾವ ಕೂರಂಗಿಲ್ಲ. ಆ ಕಂಬಳೀನೂ ಇಲ್ಲೇ ಇಡು, ಕೊಡ್ಲಿ ಬೀಸಾಕೆ ಅಡ್ಡ. ಆಗಾಕಿಲ್ಲ ಅಂದ್ರೆ ನಾಳೆಯಿಂದ ಇಬ್ರೂ ಬರ್ಬ್ಯಾಡ್ರಿ,’ ಎಂದ ಮೂಡಲಗಿರಿಯಪ್ಪ.

ಚಿಕ್ಕರಂಗಯ್ಯನ ದೊಡ್ಡ ಪಾದಕ್ಕೆ ಯಾವ ಬೂಟೂ ಹಿಡಿಸಲಿಲ್ಲ. ಅಣ್ಣನ ಪಾದಕ್ಕೆ ಹಿಡಿಸಿತು. ಹೊತ್ತು ಮಾರುದ್ದ ಏರುವ ಮೊದಲೇ ಸಂಜೀವಯ್ಯ ಬಿಳಿಮತ್ತಿಯ ಮೇಲಿಂದ ಜಾರಿ ಬಂಡೆಯ ಮೇಲೆ ಬಿದ್ದು ಸತ್ತ.

ಚಿಕ್ಕರಂಗಯ್ಯ ಗಾಡಿ ತರಲು ಊರಿಗೆ ಓಡಿದ. ಅವನು ಪಟೇಲ ಚನ್ನಮಲ್ಲಯ್ಯನೊಂದಿಗೆ ಮರಳಿ ಬರುವಷ್ಟರಲ್ಲಿ ಹೆಣದ ಕಾಲಲ್ಲಿ ಬೂಟು ಇರಲಿಲ್ಲ. ಅಂಗಿ ಹೆಂಡದಿಂದ ಒದ್ದೆಯಾಗಿ ನಾರುತ್ತಿತ್ತು.

‘ಬ್ಯಾಡ ಬ್ಯಾಡ ಅಂದ್ರೂ ಕುಡ್ಕಂಡು ಹತ್ತಿದ,’ ಎಂದು ಮೂಡಲಗಿರಿಯಪ್ಪ ಪಟೇಲನ ಮುಂದೆ ತಲೆಯಾಡಿಸಿದ.

ಕೊರಳಲ್ಲಿ ತುಳಸಿಮಣಿ ಕಟ್ಟಿದ್ದ ಸಂಜೀವಯ್ಯ ಹೆಂಡ ಮುಟ್ಟಿದವನಲ್ಲ. ಚಿಕ್ಕರಂಗಯ್ಯ ಅದನ್ನು ಎಷ್ಟು ಸಲ ಹೇಳಿದರೂ ಕೂಲಿಯವನ ಮಾತು ಗುತ್ತಿಗೆದಾರನ ಮಾತಿನ ಮುಂದೆ ನಿಲ್ಲಲಿಲ್ಲ. ಹೊಸಕೋಟೆ ಕಡೆಯಿಂದ ಅಣ್ಣನ ಮಗಳನ್ನು ಕೇಳಿದ್ದ ಗಂಡಿನವರು, ಕುಡಿದು ಸತ್ತವನ ಮನೆಯ ಹೆಣ್ಣು ಬೇಡವೆಂದು ಹೇಳಿ ಕಳಿಸಿದರು. ಅಂದು ಅತ್ತಿಗೆ ಕೊಲ್ಲಾಪುರಮ್ಮ ಅಳಲಿಲ್ಲ. ಒಲೆಯ ಮುಂದೆ ಕೂತು ಬೂದಿ ಕೆದಕುತ್ತಾ ಇದ್ದಳು.

ಚಿಕ್ಕರಂಗಯ್ಯ ಮತ್ತೆ ಅದೇ ಧಣಿಯ ಕೆಲಸಕ್ಕೆ ಹೋದ. ‘ಅಣ್ಣನ್ನ ತಿಂದೋನ ಕೂಳು ನಿಂಗೆ ಹೆಂಗೆ ಇಳೀತದೋ,’ ಎಂದು ಅತ್ತಿಗೆ ಕೇಳಿದಳು. ಅವನು ಧಣಿಯ ಕುದುರೆಗೆ ಹುಲ್ಲು ಹಾಕಿದ, ಧಣಿ ನಕ್ಕಾಗ ತಾನೂ ನಕ್ಕ. ಮಲಗಿದಾಗ ಮಾತ್ರ ಹಲ್ಲು ಕಚ್ಚಿಕೊಳ್ಳುತ್ತಿದ್ದ. ವರ್ಷ ತಿರುಗಿ ಮತ್ತೆ ಪುಷ್ಯ ಬಂತು.

ಆ ಚಳಿಯಲ್ಲಿ ಹಳ್ಳದ ಬಳಿ ಒಂದು ಚಿರತೆ ಧಣಿಯ ಕರು ಹಿಡಿಯಿತು. ಮೂಡಲಗಿರಿಯಪ್ಪನಿಗೆ ಚಿರತೆ ಹೊಡೆದು, ಅದರ ಮೇಲೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವ ಆಸೆ ಹುಟ್ಟಿತು. ಅಟ್ಟಣೆ ಕಟ್ಟು ಎಂದ. ಚಿಕ್ಕರಂಗಯ್ಯ ಬಿಳಿಮತ್ತಿಯ ಎತ್ತರದ ಕವಲಿನಲ್ಲಿ ಗಟ್ಟಿಯಾಗಿ ಕಟ್ಟಿಕೊಟ್ಟ.

‘ಚಳಿಗೆ ಏನ್ಲಾ ತರ್ಲಿ?’

‘ಕಂಬಳಿ ವಾಸ್ನೆ ಬಂದ್ರೆ ಚಿರತೆ ಇತ್ಲಾಗೆ ಸುಳಿಯಾಕಿಲ್ಲ, ಧಣಿ. ಬೂಟು ಹಾಕ್ಕಂಡ್ ಬನ್ನಿ, ಸಾಕು. ಕಾಲು ಬೆಚ್ಚಗಿದ್ರೆ ಮೈಯೆಲ್ಲಾ ಬೆಚ್ಚಗಿರ್ತದೆ.’

ಸಂಜೆ ಮೂಡಲಗಿರಿಯಪ್ಪ ಬೂಟು ಬಿಗಿದುಕೊಂಡು ಬಂದು ಏಣಿ ಹತ್ತಿದ. ಕೋವಿಯನ್ನು ಆಮೇಲೆ ಹಗ್ಗದಲ್ಲಿ ಕಟ್ಟಿ ಕಳಿಸುವುದು ಎಂದು ಮಾತಾಗಿತ್ತು. ಅವನು ಅಟ್ಟಣೆಯ ಮೇಲೆ ಕೂತೊಡನೆ ಚಿಕ್ಕರಂಗಯ್ಯ ಏಣಿ ತೆಗೆದು ದೂರ ಹೊತ್ತೊಯ್ದ.

‘ಲೇ, ಕೋವಿ ಎಲ್ಲಿ?’

‘ಇಲ್ಲೇ ಐತೆ. ಏಣೀನೂ ಇಲ್ಲೇ ಐತೆ. ಬೆಳಿಗ್ಗೆ ಜನ ಬತ್ತಾರೆ. ನನ್ನಣ್ಣನ ಕಾಲಲ್ಲಿ ಏನಿತ್ತು, ಅವನ ಅಂಗಿ ಮ್ಯಾಲೆ ಹೆಂಡ ಸುರಿದೋರು ಯಾರು, ಅವರ ಮುಂದೆ ಹೇಳಿ. ಇಲ್ಲಾಂದ್ರೆ ಬೂಟಲ್ಲೇ ಇಳೀರಿ.’

ಮೂಡಲಗಿರಿಯಪ್ಪ ಮೊದಲು ಬೈದ. ಆಮೇಲೆ ಹೊಲ ಬರೆದುಕೊಡುತ್ತೇನೆಂದ. ಆಮೇಲೆ ರಂಗಪ್ಪಾ ಎಂದು ಕರೆಯತೊಡಗಿದ. ಚಿಕ್ಕರಂಗಯ್ಯ ಮರಕ್ಕೆ ಕಾಣುವಂತೆ, ಆದರೆ ಶಾಖ ತಲುಪದಷ್ಟು ದೂರದಲ್ಲಿ ಬೆಂಕಿ ಹಾಕಿ, ಕಂಬಳಿ ಹೊದ್ದು ಬಿಸಿ ಹುರುಳಿಕಟ್ಟು ಕುಡಿದ. ವರ್ಷವಿಡೀ ರುಚಿ ಕಾಣದ ನಾಲಿಗೆಗೆ ಅಂದು ಉಪ್ಪು, ಖಾರ ಎಲ್ಲ ತಿಳಿದವು. ಮೇಲೆ ಹಲ್ಲು ಕಟಕಟ ಎನ್ನುವುದನ್ನು ಅವನು ಕಿವಿಗೊಟ್ಟು ಕೇಳಿದ. ಒಂದು ಹೊತ್ತಿನಲ್ಲಿ ಆ ಸದ್ದೂ ನಿಂತಿತು. ಸತ್ತನೇನೋ ಎಂದು ಎದ್ದು ಕೂತ. ಧಣಿ ಸಾಯುವುದರ ಬಗ್ಗೆ ಮರುಕ ಹುಟ್ಟಲಿಲ್ಲ. ಬಾಯಿ ಬಿಡದೆ ಸತ್ತರೆ ಏನು ಗತಿ ಎಂಬ ಭಯ ಹುಟ್ಟಿತು. ಸ್ವಲ್ಪ ಹೊತ್ತಿಗೆ ಮೇಲಿಂದ ನರಳಿಕೆ ಕೇಳಿಸಿದಾಗ ಮತ್ತೆ ಒರಗಿದ.

ಬೆಳಿಗ್ಗೆ ಕೂಲಿಯವರು ಬಂದರು. ಚಿಕ್ಕರಂಗಯ್ಯ ಹಿಂದಿನ ದಿನವೇ ಹೇಳಿಟ್ಟಿದ್ದರಿಂದ ಪಟೇಲ ಚನ್ನಮಲ್ಲಯ್ಯನೂ ಕೊಲ್ಲಾಪುರಮ್ಮನೂ ಬಂದರು. ‘ಏಣಿ ಹಾಕ್ಲಾ, ಮನುಷ್ಯ ಸಾಯ್ತಾನೆ,’ ಎಂದ ಪಟೇಲ.

‘ಹಾಕ್ತೀನಿ, ಪಟೇಲ್ರೆ. ಮೊದ್ಲು ಅವರು ಮಾತಾಡ್ಲಿ,’ ಎಂದು ಚಿಕ್ಕರಂಗಯ್ಯ ಕೊಡಲಿ ಹಿಡಿದು ನೆಲದಲ್ಲಿ ಬಿದ್ದಿದ್ದ ಏಣಿಯ ಮೇಲೆ ನಿಂತ.

ನೀಲಿಗಟ್ಟಿದ ತುಟಿಯಿಂದ ಮೂಡಲಗಿರಿಯಪ್ಪ ಎಲ್ಲ ಹೇಳಿದ. ಬೂಟು ತಾನೇ ಹಾಕಿಸಿದ್ದು, ಕಂಬಳಿ ಬಿಚ್ಚಿಸಿದ್ದು, ಹೆಣದ ಕಾಲಿಂದ ಬೂಟು ಕಿತ್ತು ಹೆಂಡ ಸುರಿದದ್ದು. ‘ಸಂಜೀವಯ್ಯ ಕುಡಿದಿರ್ಲಿಲ್ಲ,’ ಎಂದು ಅಳುತ್ತಾ ಎರಡು ಸಲ ಹೇಳಿದ.

ಚಿಕ್ಕರಂಗಯ್ಯ ಏಣಿ ಎತ್ತಲು ಬಗ್ಗಿದ. ಕೊಲ್ಲಾಪುರಮ್ಮ ಮುಂದೆ ಬಂದು ಅದರ ಮೇಲೆ ಕೂತುಬಿಟ್ಟಳು.

‘ಏಣಿ ಯಾಕೆ? ನಮ್ಮೋರಿಗೆ ಕೊಟ್ಟಿದ್ರಾ? ಬೂಟಲ್ಲೇ ಇಳೀಲಿ.’

‘ಅತ್ತಿಗೆ, ಆಯ್ತಲ್ಲ, ಬುಡು.’

‘ನಿಂಗೆ ಆಯ್ತು. ನಂಗಿನ್ನೂ ಆಗಿಲ್ಲ.’

ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಚಿಕ್ಕರಂಗಯ್ಯ ಅವಳ ಮುಖ ನೋಡಿ ಏಣಿಯಿಂದ ಕೈ ತೆಗೆದ. ಅಷ್ಟರಲ್ಲಿ ಮೂಡಲಗಿರಿಯಪ್ಪ ತಾನೇ ಕಾಂಡ ತಬ್ಬಿ ಕಾಲು ಇಳಿಬಿಟ್ಟಿದ್ದ. ಮೊಳೆಗಳು ತೊಗಟೆಯ ಮೇಲೆ ಕರಕರ ಗೀರಿದವು. ಅರ್ಧದಾರಿಯಲ್ಲಿ ಅವನು ಬಿದ್ದ. ಜೀವ ಹೋಗಲಿಲ್ಲ, ಸೊಂಟ ಮುರಿಯಿತು. ಮತ್ತೆಂದೂ ಅವನು ನೆಟ್ಟಗೆ ನಡೆಯಲಿಲ್ಲ.

ಚಿಕ್ಕರಂಗಯ್ಯನಿಗೆ ಮಧುಗಿರಿಯ ಕೋರ್ಟಿನಲ್ಲಿ ಒಂದು ವರ್ಷ ಸಜೆಯಾಯಿತು. ಏಣಿಯ ಮೇಲೆ ಕೂತವಳ ಹೆಸರನ್ನು ಅವನೂ ಹೇಳಲಿಲ್ಲ, ಪಟೇಲನೂ ಹೇಳಲಿಲ್ಲ. ಅವನು ಜೈಲಿನಲ್ಲಿರುವಾಗಲೇ ಹೊಸಕೋಟೆಯವರು ತಾವಾಗಿ ಬಂದು ಹೆಣ್ಣು ಕೇಳಿ ಮದುವೆ ಮಾಡಿಕೊಂಡರು. ಆ ಸುದ್ದಿಯನ್ನು ಕೊಲ್ಲಾಪುರಮ್ಮ ತಾನೇ ಬಂದು ಕಂಬಿಯಾಚೆಯಿಂದ ಹೇಳಿದಳು. ಅವಳು ಸೊರಗಿದ್ದಳು.

‘ಈಗ ಆಯ್ತಾ ಅತ್ತಿಗೆ?’ ಎಂದು ಅವನು ಕೇಳಿದ.

‘ಇಲ್ಲ ಕಣ್ಲಾ,’ ಎಂದಳು ಅವಳು.