ಮೇಡಂ ಎನ್ನುವ ತಂಗಿ

ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಶಿಕ್ಷಕರ ಆನ್‌ಲೈನ್ ಸಭೆ. ನಡೆಸುವವರು ನಿವೃತ್ತ ಹೆಡ್‌ಮಾಸ್ಟರ್. ಯಾರ ಮಾತು ಉದ್ದವಾದರೂ ಮೇಜಿನ ಮೇಲಿನ ಹಿತ್ತಾಳೆ ಗಂಟೆ ಬಾರಿಸುತ್ತಾರೆ, ಹಾಗಾಗಿ ಎಲ್ಲರಿಗೂ ಅವರು ಗಂಟೆ ಮೇಷ್ಟ್ರು. ಅವರದೊಂದು ಕಟ್ಟಳೆ: ಸಭೆಯಲ್ಲಿ ಗಂಡ ಹೆಂಡತಿಯೇ ಇದ್ದರೂ ಸರ್, ಮೇಡಂ ಅಂತಲೇ ಕರೆಯಬೇಕು. ಚರ್ಚೆ ಮನೆಜಗಳ ಆಗಬಾರದಂತೆ. ಇದರಿಂದ ಯಾರಿಗೆ ಅನುಕೂಲವಾಯಿತೋ ಇಲ್ಲವೋ, ನನ್ನ ತಂಗಿಗಂತೂ ಆಯಿತು.

ಅವಳು ಬೇರೆ ಊರಿನಲ್ಲಿ ಭೂಗೋಳ ಕಲಿಸುತ್ತಾಳೆ, ನಾನಿಲ್ಲಿ ಗಣಿತ. ನನ್ನ ಮಗಳು ಕಾಲೇಜು ಬಿಟ್ಟು ಸೈಕಲ್ ರಿಪೇರಿ ಅಂಗಡಿಗೆ ಸೇರಿದ ದಿನ ನಾನು ಮೊದಲು ಫೋನ್ ಮಾಡಿದ್ದು ಇವಳಿಗೇ. "ಊರ ಮಕ್ಕಳಿಗೆಲ್ಲ ಪಾಠ ಹೇಳ್ತೀಯ. ದೀಪದ ಬುಡದಲ್ಲೇ ಕತ್ತಲು ನೋಡು" ಅಂದಳು. ಮೈಯೆಲ್ಲ ಉರಿದುಹೋಯಿತು. ಫೋನ್ ಇಟ್ಟುಬಿಟ್ಟೆ. ಆಮೇಲೆ ಅವಳೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮಕ್ಕಳ ಕೈಲಿ ಬರೆಸುವವರು ನಾವು. ಬರೆಸುವುದು ಸುಲಭ.

ನಾನು ಈ ಸಭೆಗೆ ಕೂರುವುದು ಶಿಕ್ಷಣದ ಉದ್ಧಾರಕ್ಕಲ್ಲ, ಅವಳ ಮುಖ ನೋಡುವುದಕ್ಕೆ. ಅಂಗೈಗಿಂತ ಚಿಕ್ಕ ಚೌಕ, ಅದರಲ್ಲಿ ಅವಳು, ಹಿಂದೆ ಅವಳ ಅಡುಗೆಮನೆಯ ಕಿಟಕಿ. ಇಳಿದುಹೋಗಿದ್ದಾಳೆ. ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಾಳೆ. ಯಾಕೇ ಅಂತ ಕೇಳುವ ಹಕ್ಕು ಗಣಿತದ ಮೇಡಂಗೆ ಇಲ್ಲ. ಬೇರೆಯವರು ಮಾತಾಡುವಾಗೆಲ್ಲ ನಾನು ಅವಳನ್ನೇ ನೋಡುತ್ತಿರುತ್ತೇನೆ.

ಅವತ್ತಿನ ವಿಷಯ, ಶಿಕ್ಷಣ ಯಾತಕ್ಕೆ. ಭಾಷೆಯ ಸರ್ ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುವುದಕ್ಕೆ ಅಂತ ಶುರುಮಾಡಿ, ಮಾಡಿ ಮುಗಿಸುವಷ್ಟರಲ್ಲಿ ಎರಡು ಸಲ ಗಂಟೆ ಹೊಡೆಸಿಕೊಂಡರು. ವಿಜ್ಞಾನದ ಮೇಡಂ ಕೆಲಸ ಸಿಗೋದಕ್ಕೆ ಕಣ್ರೀ, ಸುಮ್ನೆ ಯಾಕೆ ಬಣ್ಣ ಹಚ್ತೀರಿ ಅಂದರು. ಆಮೇಲೆ ನನ್ನ ತಂಗಿಯ ಸರದಿ.

"ನಕ್ಷೆ ಓದೋದು ಕಲಿಸಬಹುದು ಸರ್. ಎಲ್ಲಿಗೆ ಹೋಗಬೇಕು ಅಂತ ಮಕ್ಕಳೇ ನೋಡ್ಕೋತಾರೆ. ನಾನು ಮೊದಲು ಹೀಗೆ ಅಂದ್ಕೊಂಡಿರಲಿಲ್ಲ. ಒಂದು ಮಗು ವಿಷಯದಲ್ಲಿ ದುಡುಕಿ ಮಾತಾಡಿದ್ದೆ." ತಲೆ ತಗ್ಗಿಸಿದಳು. "ಗಣಿತದ ಮೇಡಂ ಏನಂತಾರೋ ಕೇಳೋಣ."

ನನಗೆ ತಡೆಯಲಾಗಲಿಲ್ಲ. ಸಭೆಯಲ್ಲಿದ್ದೇನೆ ಅನ್ನುವುದೂ ಮರೆತು ಒಂದೇ ಉಸಿರಿಗೆ ಶುರುಮಾಡಿದೆ. "ಅವಳ ಕೈ ನೋಡಬೇಕು ನೀನು, ಮೊಣಕೈವರೆಗೂ ಗ್ರೀಸು. ಚಕ್ರ ಒಂಚೂರು ಡೊಂಕಾಗಿದ್ರೂ ಕಣ್ಣಲ್ಲಿ ನೋಡೇ ಹೇಳ್ತಾಳೆ. ಚೆನ್ನಾಗಿದಾಳೆ ಕಣೆ. ಆದ್ರೆ ಅವತ್ತು ನಂಗೂ ಭಯ ಆಗಿತ್ತು. ಭಯ ಆಗ್ತಿದೆ ಅಂತ ಹೇಳೋಕೇ ನಿಂಗೆ ಫೋನ್ ಮಾಡಿದ್ದು. ಈಗ್ಲೂ ಏನಾದ್ರೂ ಆದ್ರೆ ಫೋನ್ ಕೈಲಿ ಹಿಡ್ಕೊಂಡು ಕೂತಿರ್ತೀನಿ. ನಿನ್ನ ಬಿಟ್ರೆ ಇನ್ಯಾರಿಗೆ ಹೇಳ್ಕೊಳ್ಳಲಿ?"

ಎದೆಯಲ್ಲಿದ್ದದ್ದೆಲ್ಲ ಖಾಲಿಯಾಯಿತು. ಕಣ್ಣೊರೆಸಿಕೊಂಡು ನೋಡಿದರೆ ಚೌಕಗಳೊಳಗಿನ ಒಬ್ಬರ ಮುಖವೂ ಅಲುಗಿಲ್ಲ. ಭಾಷೆಯ ಸರ್ ಚಹಾ ಕುಡಿಯುತ್ತಿದ್ದರು. ಮನುಷ್ಯನನ್ನು ಮನುಷ್ಯನನ್ನಾಗಿ ಮಾಡುವವರು ಇವರೇನಾ ಅಂತ ಸಿಟ್ಟು ಬಂತು. ತಂಗಿ ಮಾತ್ರ ಪರದೆಗೆ ಮುಖ ತಂದು ನನ್ನನ್ನೇ ನೋಡುತ್ತಿದ್ದಳು.

"ಅಕ್ಕಾ, ನಿನ್ನ ಮೈಕ್ ಆಫ್ ಇದೆ."

"ಮೇಡಂ, ಇಲ್ಲಿ ಅಕ್ಕ ಅನ್ನೋ ಹಾಗಿಲ್ಲ" ಅಂದರು ಗಂಟೆ ಮೇಷ್ಟ್ರು.

"ಅಳ್ತಿದಾಳೆ ಸರ್ ಅವಳು. ಸ್ವಲ್ಪ ಸುಮ್ನಿರಿ."

ಮೈಕ್ ಆನ್ ಮಾಡಿದೆ. ಆಡಿದ್ದರಲ್ಲಿ ಒಂದು ಮಾತೂ ನಾಲಿಗೆಗೆ ಮತ್ತೆ ಬರಲಿಲ್ಲ. ಅಷ್ಟು ಜನ ಶಿಕ್ಷಕರ ಮುಂದೆ ನನಗೆ ಕೇಳಲು ಹೊಳೆದದ್ದು ಒಂದೇ. "ಊಟ ಆಯ್ತೇನೆ?"

"ಇಲ್ಲ. ನೀನು ಹೇಳಿದ್ದು ಒಂದೂ ಕೇಳಿಸಿಲ್ಲ ನಂಗೆ. ಮೊದಲಿಂದ ಹೇಳು."

"ಮೊದಲಿಂದ ಅಂದ್ರೆ ಎಲ್ಲಿಂದ?"

"ಅವತ್ತು ಫೋನ್ ಇಟ್ಯಲ್ಲ, ಅಲ್ಲಿಂದ" ಅಂದಳು ನನ್ನ ತಂಗಿ.